ಗಿಟಾರ್ ಧ್ವನಿಮುದ್ರಣ: ಮನೆಯ ಕಂಪ್ಯೂಟರಿನಲ್ಲಿ, ಕಡಿಮೆ ಖರ್ಚಿನಲ್ಲಿ

ಗಿಟಾರ್ ವಾದನವನ್ನು ಸ್ಟುಡಿಯೊಗೆ ಹೋಗದೆ, ಮನೆಯಲ್ಲಿರುವ ಸಾಧಾರಣ ಕಂಪ್ಯೂಟರಿನಲ್ಲೇ ಮುದ್ರಿಸಿ, ತಿದ್ದಿ, ಕೇಳುಗರಿಗೆ ತಲುಪಿಸಬಹುದಾದ ಕಡತವಾಗಿ ಸಿದ್ಧಪಡಿಸುವ ವಿಧಾನ. ಇದಕ್ಕೆ ಬೇಕಾದ ಮುಖ್ಯ ಸಲಕರಣೆಗಳು ನಾಲ್ಕೇ: ಗಿಟಾರ್, ಅದರ ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಆಡಿಯೊ ಇಂಟರ್‌ಫೇಸ್, ಮುದ್ರಣ ತಂತ್ರಾಂಶವಿರುವ ಕಂಪ್ಯೂಟರ್, ಕೇಳಲು ಹೆಡ್‌ಫೋನ್. ಅಕೂಸ್ಟಿಕ್ ಗಿಟಾರ್ ಆದರೆ ಇವುಗಳ ಜೊತೆಗೆ ಒಂದು ಮೈಕ್. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರಗಳು ಮಾಡುತ್ತಿದ್ದ ಕೆಲಸವನ್ನು ಇಂದು ಕೆಲವೇ ಸಾವಿರ ರೂಪಾಯಿಯ ಪೆಟ್ಟಿಗೆಯೊಂದು ಮಾಡುತ್ತದೆ. ಆದ್ದರಿಂದ ಮನೆಯ ಮುದ್ರಣದ ಗುಣಮಟ್ಟವನ್ನು ಈಗ ನಿರ್ಧರಿಸುವುದು ಯಂತ್ರದ ಬೆಲೆಗಿಂತ ಹೆಚ್ಚಾಗಿ ತಂತಿ, ಕೋಣೆ, ಮೈಕ್ ಇಟ್ಟ ಜಾಗ ಮತ್ತು ವಾದಕರ ಕಿವಿ.

ಇತಿಹಾಸ

ಮನೆಯಲ್ಲಿ ಗಿಟಾರ್ ಮುದ್ರಿಸುವ ಪರಂಪರೆ ಕಂಪ್ಯೂಟರ್ ಮುದ್ರಣಕ್ಕಿಂತ ಹಳೆಯದು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಹಾಲಿವುಡ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ ತಟ್ಟೆಯಿಂದ ತಟ್ಟೆಗೆ ಮುದ್ರಿಸುತ್ತಾ, ಪ್ರತಿ ಸಲವೂ ಹೊಸದೊಂದು ಗಿಟಾರ್ ಭಾಗವನ್ನು ಸೇರಿಸುತ್ತಾ ಹೋದರು. ಹೀಗೆ ಒಬ್ಬರೇ ಹಲವು ಗಿಟಾರ್‌ಗಳನ್ನು ನುಡಿಸಿದ 'ಲವರ್' 1948ರಲ್ಲಿ ಹೊರಬಂತು. ಒಂದು ಕಡೆ ತಪ್ಪಿದರೆ ಮತ್ತೆ ಮೊದಲಿನಿಂದ ನುಡಿಸಬೇಕಾಗಿದ್ದ ಕಠಿಣ ವಿಧಾನವಿದು. ಮುಂದೆ ಅವರ ಬೇಡಿಕೆಯ ಮೇರೆಗೆ ಆಂಪೆಕ್ಸ್ ಕಂಪನಿ ತಯಾರಿಸಿದ ಎಂಟು ಟ್ರ್ಯಾಕಿನ ಟೇಪ್ ಯಂತ್ರ 1957ರಲ್ಲಿ ಅವರ ಕೈಸೇರಿತು. ಒಂದೊಂದು ವಾದ್ಯವನ್ನು ಒಂದೊಂದು ಟ್ರ್ಯಾಕಿನಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳುವ ಈ ಕ್ರಮವೇ ಇಂದಿನ ಎಲ್ಲ ಮುದ್ರಣ ತಂತ್ರಾಂಶಗಳ ಬುನಾದಿ.

ಎಂಜಿನಿಯರ್ ಆಗಿದ್ದ ಟಾಮ್ ಶೋಲ್ಜ್ ಮ್ಯಾಸಚೂಸೆಟ್ಸ್‌ನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಬಹುಪಾಲು ಮುದ್ರಿಸಿದ 'ಬಾಸ್ಟನ್' ತಂಡದ ಮೊದಲ ಆಲ್ಬಂ 1976ರಲ್ಲಿ ಪ್ರಕಟವಾಗಿ ಅಪಾರ ಜನಪ್ರಿಯತೆ ಗಳಿಸಿತು. ಆದರೆ ಸಾಮಾನ್ಯ ಸಂಗೀತಗಾರರ ಕೈಗೆಟುಕುವ ಯಂತ್ರ ಬಂದದ್ದು 1979ರಲ್ಲಿ. ಜಪಾನಿನ ಟಿಯಾಕ್ ಕಂಪನಿ ಸಾಧಾರಣ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್ ಮುದ್ರಿಸುವ 'ಪೋರ್ಟಾಸ್ಟುಡಿಯೊ 144' ಹೊರತಂದಿತು. 1982ರ ಆರಂಭದಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ತಮ್ಮ ಬಾಡಿಗೆ ಮನೆಯಲ್ಲಿ ಇಂಥದೇ ಯಂತ್ರ ಮತ್ತು ಶೂರ್ ಕಂಪನಿಯ ಎರಡು ಎಸ್‌ಎಂ57 ಮೈಕ್‌ಗಳನ್ನು ಇಟ್ಟುಕೊಂಡು ಅಕೂಸ್ಟಿಕ್ ಗಿಟಾರಿನ ಜೊತೆ ಹಾಡಿದರು. ತಂಡದವರಿಗೆ ಮಾದರಿಯಾಗಿ ತೋರಿಸಲೆಂದು ಮಾಡಿದ ಮುದ್ರಣವದು. ತಂಡದೊಂದಿಗೆ ಸ್ಟುಡಿಯೊದಲ್ಲಿ ಮತ್ತೆ ನುಡಿಸಿದಾಗ ಹಾಡುಗಳ ಜೀವ ಉಳಿಯಲಿಲ್ಲವೆಂದು ಕಂಡು, ಮನೆಯ ಕ್ಯಾಸೆಟ್ಟನ್ನೇ ಅದೇ ವರ್ಷ 'ನೆಬ್ರಾಸ್ಕ' ಎಂಬ ಆಲ್ಬಂ ಆಗಿ ಬಿಡುಗಡೆ ಮಾಡಲಾಯಿತು. ಸಾಧನದ ಬಡತನ ಸಂಗೀತದ ಬಡತನವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಂಪ್ಯೂಟರ್ ಈ ಕ್ಷೇತ್ರಕ್ಕೆ ಬಂದದ್ದು ಹಂತಹಂತವಾಗಿ. ಡಿಜಿಡಿಸೈನ್ ಕಂಪನಿಯ ಪ್ರೊ ಟೂಲ್ಸ್ 1991ರಲ್ಲಿ ಬಂತು. ಆದರೆ ಅದಕ್ಕೆ ದುಬಾರಿ ಯಂತ್ರಾಂಶ ಬೇಕಿತ್ತು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ವಿಎಸ್‌ಟಿ ಎಂಬ ಪ್ಲಗಿನ್ ವ್ಯವಸ್ಥೆಯನ್ನು, ಮರುವರ್ಷ ಆಸಿಯೊ ಎಂಬ ಡ್ರೈವರ್ ಪದ್ಧತಿಯನ್ನು ರೂಪಿಸಿದ ಮೇಲೆ ಧ್ವನಿ ಸಂಸ್ಕರಣೆ ಸಾಧಾರಣ ಕಂಪ್ಯೂಟರಿಗೂ ಸಾಧ್ಯವಾಯಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಉಚಿತ ತಂತ್ರಾಂಶ ಆಡಾಸಿಟಿ 2000ದಲ್ಲಿ, ಆಪಲ್ ಕಂಪನಿಯ ಗ್ಯಾರೇಜ್‌ಬ್ಯಾಂಡ್ 2004ರಲ್ಲಿ ಬಂದವು. 2017ರ ಹೊತ್ತಿಗೆ ಅಮೆರಿಕದ ಯುವ ಗಿಟಾರ್ ವಾದಕ ಸ್ಟೀವ್ ಲೇಸಿ ತಮ್ಮ ಗಿಟಾರನ್ನು ಒಂದು ಚಿಕ್ಕ ಜೋಡಣೆಯ ಮೂಲಕ ಐಫೋನಿಗೆ ಸಿಕ್ಕಿಸಿ ಮಾಡಿದ ಹಾಡುಗಳು ಜಗತ್ತಿನ ಗಮನ ಸೆಳೆದಿದ್ದವು.

ಗಿಟಾರಿನ ಸಂಕೇತ

ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತ್ಯಂತ ದಪ್ಪ ತಂತಿಯ ಆವರ್ತಾಂಕ ಸುಮಾರು 82 ಹರ್ಟ್ಸ್, ಅತ್ಯಂತ ತೆಳು ತಂತಿಯದು ಸುಮಾರು 330 ಹರ್ಟ್ಸ್. ಇಪ್ಪತ್ತನಾಲ್ಕು ಫ್ರೆಟ್ ಇರುವ ಗಿಟಾರಿನ ಕೊನೆಯ ಸ್ವರ ಸುಮಾರು 1,319 ಹರ್ಟ್ಸ್. ಆದರೆ ಗಿಟಾರ್ ಗಿಟಾರಿನಂತೆ ಕೇಳುವುದು ಈ ಮೂಲಸ್ವರಗಳ ಮೇಲೆ ಎದ್ದುಬರುವ ಉಪಸ್ವರಗಳಿಂದ. ಅಕೂಸ್ಟಿಕ್ ಗಿಟಾರಿನ ಹೊಳಪು 10,000 ಹರ್ಟ್ಸ್ ದಾಟಿಯೂ ಹರಡಿರುತ್ತದೆ.

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಅದರ ಮುಂದೆ ಕಂಪಿಸಿದಾಗ ಸುರುಳಿಯಲ್ಲಿ ಚಿಕ್ಕ ವಿದ್ಯುತ್ ಹುಟ್ಟುತ್ತದೆ. ಈ ಸಂಕೇತದ ಪ್ರತಿರೋಧ ಹೆಚ್ಚು. ಅದನ್ನು ಸ್ವೀಕರಿಸುವ ಕಡೆಯ ಪ್ರತಿರೋಧ ಸುಮಾರು 10 ಲಕ್ಷ ಓಮ್, ಅಂದರೆ ಒಂದು ಮೆಗಾಓಮ್ ಇದ್ದರೆ ಮಾತ್ರ ಧ್ವನಿಯ ಮೇಲ್ತುದಿ ಉಳಿಯುತ್ತದೆ. ಲ್ಯಾಪ್‌ಟಾಪಿನ ಮೈಕ್ ರಂಧ್ರದ ಪ್ರತಿರೋಧ ಇದಕ್ಕಿಂತ ಬಹಳ ಕಡಿಮೆ. ಹೀಗಾಗಿ ಗಿಟಾರನ್ನು ನೇರವಾಗಿ ಅದಕ್ಕೆ ಸಿಕ್ಕಿಸಿದರೆ ಧ್ವನಿ ಮಂಕಾಗುತ್ತದೆ, ಜೊತೆಗೆ ಕಂಪ್ಯೂಟರಿನ ಒಳಗಿನ ಸದ್ದೂ ಸೇರಿಕೊಳ್ಳುತ್ತದೆ. ಹೊಸಬರ ಮೊದಲ ಮುದ್ರಣಗಳು ಉಸಿರುಗಟ್ಟಿದಂತೆ ಕೇಳಲು ಬಹುತೇಕ ಇದೇ ಕಾರಣ. ಗಿಟಾರಿನದಾಗಲಿ ಕೈಯದಾಗಲಿ ತಪ್ಪಿರುವುದಿಲ್ಲ.

ಧ್ವನಿಯಿಂದ ಅಂಕಿಗೆ

ಸಿನಿಮಾ ರೀಲು ಚಲನೆಯನ್ನು ಬಿಡಿಬಿಡಿ ಚಿತ್ರಗಳಾಗಿ ಹಿಡಿಯುವಂತೆ, ಡಿಜಿಟಲ್ ಮುದ್ರಣ ಧ್ವನಿತರಂಗವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಹೀಗೆ ಅಳೆಯುವ ವೇಗವೇ ಸ್ಯಾಂಪಲ್ ರೇಟ್. ಯಾವ ಆವರ್ತಾಂಕದವರೆಗೆ ಹಿಡಿಯಬೇಕೋ ಅದರ ಎರಡರಷ್ಟಕ್ಕಿಂತ ಹೆಚ್ಚು ವೇಗದಲ್ಲಿ ಅಳೆದರೆ ಮೂಲ ತರಂಗವನ್ನು ಪೂರ್ತಿಯಾಗಿ ಮರಳಿ ಪಡೆಯಬಹುದೆಂಬುದು ಹ್ಯಾರಿ ನೈಕ್ವಿಸ್ಟ್ ಮತ್ತು ಕ್ಲಾಡ್ ಶಾನನ್ ಅವರ ಹೆಸರಿನಲ್ಲಿರುವ ಸಿದ್ಧಾಂತ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್. ಆದ್ದರಿಂದ ಸಿ.ಡಿ.ಗೆ 44,100, ವಿಡಿಯೊಗೆ 48,000 ಎಂಬ ವೇಗಗಳು ರೂಢಿಯಲ್ಲಿವೆ. ಮನೆಯ ಗಿಟಾರ್ ಮುದ್ರಣಕ್ಕೆ ಇವೆರಡರಲ್ಲಿ ಯಾವುದಾದರೂ ಸಾಕು. 96,000 ಅಥವಾ 1,92,000 ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅಂಕಿಗಳಿಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆಯಲಾಗುತ್ತದೆ ಎಂಬುದು ಬಿಟ್‌ಗಳ ಲೆಕ್ಕ. 16 ಬಿಟ್ ಎಂದರೆ 65,536 ಹಂತಗಳು, 24 ಬಿಟ್ ಎಂದರೆ 1.67 ಕೋಟಿಗೂ ಮೀರಿದ ಹಂತಗಳು. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್‌ನಂತೆ ಮೊದಲನೆಯದರಲ್ಲಿ 96, ಎರಡನೆಯದರಲ್ಲಿ ಲೆಕ್ಕದ ಪ್ರಕಾರ 144 ಡೆಸಿಬೆಲ್ ಅಂತರ ಅತಿ ಮೆಲುವಾದ ಮತ್ತು ಅತಿ ಗಟ್ಟಿಯಾದ ಧ್ವನಿಗಳ ನಡುವೆ ಸಿಗುತ್ತದೆ. 24 ಬಿಟ್‌ನ ನಿಜವಾದ ಲಾಭವೆಂದರೆ ನಿಶ್ಚಿಂತೆ: ಮಟ್ಟವನ್ನು ತಗ್ಗಿಸಿ ಮುದ್ರಿಸಿದರೂ ಗುಣ ಕೆಡುವುದಿಲ್ಲ. ಇದಕ್ಕೆ ಜಾಗವೂ ಹೆಚ್ಚು ಬೇಡ. ಒಂದು ಮೊನೊ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8 ಮೆಗಾಬೈಟ್. ನಾಲ್ಕು ನಿಮಿಷದ ಹಾಡಿನ ಹತ್ತು ಟ್ರ್ಯಾಕ್ ಸೇರಿದರೂ 320 ಮೆಗಾಬೈಟ್ ಆಸುಪಾಸು.

ಆಡಿಯೊ ಇಂಟರ್‌ಫೇಸ್

ಗಿಟಾರ್ ಮತ್ತು ಕಂಪ್ಯೂಟರಿನ ನಡುವಿನ ಈ ಚಿಕ್ಕ ಪೆಟ್ಟಿಗೆ ಯುಎಸ್‌ಬಿ ಮೂಲಕ ಜೋಡಣೆಯಾಗುತ್ತದೆ. ಮನೆಯ ಮುದ್ರಣದಲ್ಲಿ ಹಣ ಹಾಕಲೇಬೇಕಾದ ಸಾಧನ ಇದೊಂದೇ. ಬೆರಿಂಗರ್, ಎಂ-ಆಡಿಯೊ, ಫೋಕಸ್‌ರೈಟ್ ಮೊದಲಾದ ಕಂಪನಿಗಳ ಆರಂಭಿಕ ಮಾದರಿಗಳು ಭಾರತದ ಅಂಗಡಿಗಳಲ್ಲಿ ಸಿಗುತ್ತವೆ.

ಕೊಳ್ಳುವಾಗ ನೋಡಬೇಕಾದ ಅಂಶಗಳು ಮೂರು. ಮೊದಲನೆಯದು ಗಿಟಾರಿಗೆಂದೇ ಇರುವ ಅಧಿಕ ಪ್ರತಿರೋಧದ ಇನ್‌ಪುಟ್. ಪೆಟ್ಟಿಗೆಯ ಮೇಲೆ 'ಇನ್‌ಸ್ಟ್ರುಮೆಂಟ್' ಅಥವಾ 'ಹೈ-ಜೆಡ್' ಎಂದು ಬರೆದಿರುತ್ತದೆ, ಕೆಲವುಗಳಲ್ಲಿ ಅದಕ್ಕೊಂದು ಗುಂಡಿ ಇರುತ್ತದೆ. ಎರಡನೆಯದು ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್. ಮೂರನೆಯದು ಕಂಪನಿಯೇ ಕೊಡುವ ಆಸಿಯೊ ಡ್ರೈವರ್. ಒಬ್ಬರೇ ನುಡಿಸುವವರಿಗೆ ಎರಡಕ್ಕಿಂತ ಹೆಚ್ಚು ಇನ್‌ಪುಟ್ ಬೇಡ. ಆರು, ಎಂಟು ಇನ್‌ಪುಟ್‌ಗಳಿರುವ ಪೆಟ್ಟಿಗೆಗೆ ಕೊಡುವ ಹಣದಲ್ಲಿ ಒಳ್ಳೆಯ ಹೆಡ್‌ಫೋನ್, ಮೈಕ್ ಎರಡೂ ಬರುತ್ತವೆ.

ಗಿಟಾರಿನ ಜ್ಯಾಕನ್ನೇ ಯುಎಸ್‌ಬಿಗೆ ಬದಲಿಸುವ ಕೇಬಲ್‌ಗಳೂ ಇವೆ. ಎಲೆಕ್ಟ್ರಿಕ್ ಗಿಟಾರ್ ಒಂದನ್ನೇ ಮುದ್ರಿಸುವವರಿಗೆ ಆರಂಭದಲ್ಲಿ ಅವು ಸಾಕಾಗುತ್ತವೆ. ಮುಂದೆ ಹಾಡು ಅಥವಾ ಅಕೂಸ್ಟಿಕ್ ಗಿಟಾರ್ ಮುದ್ರಿಸಬೇಕೆಂದಾಗ ಮೈಕ್ ಜೋಡಿಸಲು ದಾರಿಯಿರುವುದಿಲ್ಲ.

ವಿಳಂಬ

ತಂತಿ ಮೀಟಿದ ಕ್ಷಣಕ್ಕೂ ಅದು ಕಂಪ್ಯೂಟರಿನಿಂದ ಹೊರಟು ಹೆಡ್‌ಫೋನಿನಲ್ಲಿ ಕೇಳುವ ಕ್ಷಣಕ್ಕೂ ನಡುವಿನ ಅಂತರವೇ ವಿಳಂಬ ಅಥವಾ ಲೇಟೆನ್ಸಿ. ಕಂಪ್ಯೂಟರ್ ಧ್ವನಿಯನ್ನು ಗೊಂಚಲು ಗೊಂಚಲಾಗಿ ಸಂಸ್ಕರಿಸುತ್ತದೆ. ಆ ಗೊಂಚಲಿನ ಗಾತ್ರಕ್ಕೆ ಬಫರ್ ಎಂದು ಹೆಸರು. 44,100 ವೇಗದಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ 2.9 ಮಿಲಿಸೆಕೆಂಡ್, 256 ಎಂದರೆ 5.8, 512 ಎಂದರೆ 11.6. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಇದು ಸೇರುವುದರಿಂದ ಒಟ್ಟು ವಿಳಂಬ ಇದರ ಇಮ್ಮಡಿಗಿಂತಲೂ ತುಸು ಹೆಚ್ಚು.

ಗಾಳಿಯಲ್ಲಿ ಧ್ವನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹಾಗಾಗಿ 10 ಮಿಲಿಸೆಕೆಂಡ್ ವಿಳಂಬವೆಂದರೆ ಮೂರೂವರೆ ಮೀಟರ್ ದೂರದ ಆಂಪ್ಲಿಫೈಯರಿನಿಂದ ಕೇಳಿದಂತೆ. ಅಷ್ಟಕ್ಕೆ ಕೈ ತಡವರಿಸುವುದಿಲ್ಲ. 20 ದಾಟಿದರೆ ಹೆಚ್ಚಿನವರಿಗೆ ಲಯ ಹಿಡಿಯುವುದು ಕಷ್ಟವಾಗುತ್ತದೆ. ಮುದ್ರಿಸುವಾಗ ಬಫರ್ ಕಡಿಮೆ, ಮಿಕ್ಸಿಂಗ್, ಅಂದರೆ ಟ್ರ್ಯಾಕ್‌ಗಳನ್ನು ಬೆರೆಸಿ ಹದಗೊಳಿಸುವ ಕೆಲಸ, ಮಾಡುವಾಗ ಹೆಚ್ಚು ಇಟ್ಟುಕೊಳ್ಳುವುದು ಸರಿಯಾದ ಕ್ರಮ. ವಿಂಡೋಸ್‌ನಲ್ಲಿ ಇಂಟರ್‌ಫೇಸಿನ ಸ್ವಂತ ಡ್ರೈವರ್ ಇಲ್ಲದಿದ್ದರೆ ಆಸಿಯೊ4ಆಲ್ ಎಂಬ ಉಚಿತ ಡ್ರೈವರ್ ನೆರವಾಗುತ್ತದೆ. ಮ್ಯಾಕ್‌ನಲ್ಲಿ ಕೋರ್ ಆಡಿಯೊ, ಲಿನಕ್ಸ್‌ನಲ್ಲಿ ಜ್ಯಾಕ್ ಅಥವಾ ಪೈಪ್‌ವೈರ್ ಈ ಕೆಲಸ ಮಾಡುತ್ತವೆ. ಕಂಪ್ಯೂಟರ್ ತೀರಾ ಹಳೆಯದಾಗಿದ್ದರೆ ಇಂಟರ್‌ಫೇಸಿನಲ್ಲಿರುವ 'ಡೈರೆಕ್ಟ್ ಮಾನಿಟರ್' ಗುಂಡಿ ಒತ್ತಿ ಗಿಟಾರನ್ನು ವಿಳಂಬವಿಲ್ಲದೆ ನೇರವಾಗಿ ಕೇಳಬಹುದು. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಈ ಕೆಲಸಕ್ಕೆ ಒಗ್ಗದು. ಅದರ ವಿಳಂಬ ಬಹಳ ಹೆಚ್ಚು.

ತಂತ್ರಾಂಶ

ಮುದ್ರಣ, ಕತ್ತರಿಸುವಿಕೆ, ಮಿಕ್ಸಿಂಗ್ ಎಲ್ಲವನ್ನೂ ಒಂದೇ ಕಡೆ ಮಾಡುವ ತಂತ್ರಾಂಶಕ್ಕೆ ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್, ಚಿಕ್ಕದಾಗಿ ಡಾ ಎನ್ನುತ್ತಾರೆ. ಆಡಾಸಿಟಿ ಉಚಿತ, ಕಲಿಯಲು ಸುಲಭ. ಅಕೂಸ್ಟಿಕ್ ಗಿಟಾರನ್ನು ಮುದ್ರಿಸಿ ಕತ್ತರಿಸಲು ಧಾರಾಳ ಸಾಕು. ಆದರೆ ನುಡಿಸುತ್ತಿರುವಾಗಲೇ ಆಂಪ್ಲಿಫೈಯರಿನ ಅನುಕರಣೆಯನ್ನು ಕೇಳಿಸುವ ಸೌಲಭ್ಯ ಅದರಲ್ಲಿಲ್ಲದ ಕಾರಣ ಎಲೆಕ್ಟ್ರಿಕ್ ಗಿಟಾರಿಗೆ ಅಷ್ಟಾಗಿ ಹೊಂದದು. ಮ್ಯಾಕ್ ಮತ್ತು ಐಫೋನಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತದೆ. ಟ್ರ್ಯಾಕ್ಷನ್ ಕಂಪನಿಯ ವೇವ್‌ಫಾರ್ಮ್ ಫ್ರೀ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಪಾಲ್ ಡೇವಿಸ್ ಆರಂಭಿಸಿದ ಆರ್ಡರ್ ಮುಕ್ತ ತಂತ್ರಾಂಶವಾಗಿದ್ದು ಲಿನಕ್ಸ್ ಬಳಕೆದಾರರಲ್ಲಿ ಹೆಸರಾಗಿದೆ.

ಹಿಂದೆ ವಿನಾಂಪ್ ರೂಪಿಸಿದ್ದ ಜಸ್ಟಿನ್ ಫ್ರಾಂಕೆಲ್ ಅವರ ರೀಪರ್ ಹಳೆಯ ಕಂಪ್ಯೂಟರುಗಳಲ್ಲೂ ಹಗುರವಾಗಿ ಓಡುತ್ತದೆ. 60 ದಿನ ಪೂರ್ತಿ ಸೌಲಭ್ಯಗಳೊಂದಿಗೆ ಬಳಸಿ ನೋಡಬಹುದು; ಆಮೇಲೆ ವೈಯಕ್ತಿಕ ಬಳಕೆಯ ಪರವಾನಗಿಗೆ 60 ಡಾಲರ್. ಇಷ್ಟೆಲ್ಲ ನ್ಯಾಯವಾದ ದಾರಿಗಳಿರುವಾಗ ಕದ್ದ ತಂತ್ರಾಂಶ ಬಳಸಿ ಕಂಪ್ಯೂಟರಿಗೆ ವೈರಸ್ ಅಂಟಿಸಿಕೊಳ್ಳುವ ಕಾರಣವೇ ಇಲ್ಲ. 8 ಗಿಗಾಬೈಟ್ ಮೆಮೊರಿ ಇರುವ, ಕಳೆದ ಹತ್ತು ವರ್ಷಗಳೊಳಗಿನ ಯಾವ ಕಂಪ್ಯೂಟರಾದರೂ ಹತ್ತಿಪ್ಪತ್ತು ಟ್ರ್ಯಾಕ್‌ಗಳ ಕೆಲಸವನ್ನು ನಿಭಾಯಿಸುತ್ತದೆ.

ಎಲೆಕ್ಟ್ರಿಕ್ ಗಿಟಾರ್

ಎಲೆಕ್ಟ್ರಿಕ್ ಗಿಟಾರಿನ ಧ್ವನಿಯಲ್ಲಿ ಅರ್ಧಪಾಲು ಆಂಪ್ಲಿಫೈಯರ್ ಮತ್ತು ಅದರ ಸ್ಪೀಕರಿನದು. ಗಿಟಾರ್ ಸ್ಪೀಕರು ಸುಮಾರು 5,000 ಹರ್ಟ್ಸ್‌ನ ಮೇಲೆ ಧ್ವನಿಯನ್ನು ವೇಗವಾಗಿ ಇಳಿಸುತ್ತದೆ. ಆ ಸೋಸುವಿಕೆ ಇಲ್ಲದೆ ನೇರವಾಗಿ ಮುದ್ರಿಸಿದ ಡಿಸ್ಟಾರ್ಷನ್ ಗಿಟಾರ್ ಜೇನುನೊಣದ ಝೇಂಕಾರದಂತೆ ಕರ್ಕಶವಾಗುತ್ತದೆ. ವಠಾರ, ಅಪಾರ್ಟ್‌ಮೆಂಟುಗಳಲ್ಲಿ ಐದು ವ್ಯಾಟಿನ ವಾಲ್ವ್ ಆಂಪ್ಲಿಫೈಯರನ್ನು ಜೋರಾಗಿ ಇಟ್ಟರೂ ನೆರೆಹೊರೆಯವರ ನಿದ್ದೆ ಕೆಡುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ಆಂಪ್ಲಿಫೈಯರನ್ನು ಗಣಿತದಿಂದ ಅನುಕರಿಸುವ ವಿದ್ಯೆ. ಲೈನ್ 6 ಕಂಪನಿಯ ಪಾಡ್ 1998ರಲ್ಲಿ ಇದನ್ನು ಮನೆಮನೆಗೆ ತಂದಿತು. ಇಟಲಿಯ ಐಕೆ ಮಲ್ಟಿಮೀಡಿಯಾದ ಆಂಪ್ಲಿಟ್ಯೂಬ್ 2002ರಲ್ಲಿ, ಜರ್ಮನಿಯ ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಗಿಟಾರ್ ರಿಗ್ 2004ರಲ್ಲಿ ಅದೇ ಕೆಲಸವನ್ನು ಕಂಪ್ಯೂಟರಿನೊಳಗೆ ಮಾಡಿದವು. ಇವೆರಡಕ್ಕೂ ಉಚಿತ ಕಿರು ಆವೃತ್ತಿಗಳಿವೆ. ನಿಜವಾದ ಆಂಪ್ಲಿಫೈಯರಿನ ವರ್ತನೆಯನ್ನು ನರಜಾಲ ತಂತ್ರದಿಂದ ಕಲಿತು ಅನುಕರಿಸುವ ನ್ಯೂರಲ್ ಆಂಪ್ ಮಾಡೆಲರ್ ಪೂರ್ಣ ಉಚಿತ ಮತ್ತು ಮುಕ್ತ. ಲಿನಕ್ಸ್‌ಗೆ ಗಿಟಾರಿಕ್ಸ್ ಇದೆ. ಸ್ಪೀಕರ್ ಪೆಟ್ಟಿಗೆಯ ಗುಣವನ್ನು ಹಿಡಿದಿಟ್ಟ 'ಇಂಪಲ್ಸ್ ರೆಸ್ಪಾನ್ಸ್' ಎಂಬ ಚಿಕ್ಕ ಕಡತಗಳನ್ನು ಇವುಗಳ ಜೊತೆ ಬಳಸಿದರೆ ಧ್ವನಿ ಸಹಜವಾಗುತ್ತದೆ.

ಈ ವಿಧಾನದ ದೊಡ್ಡ ಅನುಕೂಲವೆಂದರೆ ಟ್ರ್ಯಾಕಿನಲ್ಲಿ ಉಳಿಯುವುದು ಗಿಟಾರಿನ ಶುದ್ಧ ಸಂಕೇತ. ವಾದನ ಚೆನ್ನಾಗಿ ಬಂದಿದ್ದರೆ ಆಂಪ್ಲಿಫೈಯರಿನ ಬಗೆಯನ್ನು ನಾಳೆಯೂ ಬದಲಿಸಬಹುದು, ಮುಂದಿನ ವರ್ಷವೂ ಬದಲಿಸಬಹುದು. ಆಂಪ್ಲಿಫೈಯರ್ ಇದ್ದು, ಜೋರಾಗಿ ನುಡಿಸುವ ಅವಕಾಶವೂ ಇರುವವರು ಸ್ಪೀಕರಿನ ಜಾಲರಿಗೆ ಎರಡು ಮೂರು ಬೆರಳಗಲ ದೂರದಲ್ಲಿ ಎಸ್‌ಎಂ57ನಂಥ ಡೈನಾಮಿಕ್ ಮೈಕ್ ಇಡುವುದು ವಾಡಿಕೆ. 1965ರಿಂದ ತಯಾರಾಗುತ್ತಿರುವ ಈ ಮೈಕ್ ಇಂದಿಗೂ ದೊಡ್ಡ ಸ್ಟುಡಿಯೊಗಳಲ್ಲಿ ಇದೇ ಕೆಲಸಕ್ಕೆ ಬಳಕೆಯಲ್ಲಿದೆ. ಸ್ಪೀಕರಿನ ನಟ್ಟನಡುವೆ ಇಟ್ಟರೆ ಧ್ವನಿ ಚೂಪು, ಅಂಚಿನತ್ತ ಸರಿಸಿದಷ್ಟೂ ಮೃದು.

ಅಕೂಸ್ಟಿಕ್ ಗಿಟಾರ್

ಹೊಸಬರು ಸಹಜವಾಗಿ ಮೈಕನ್ನು ಗಿಟಾರಿನ ದುಂಡು ರಂಧ್ರದ ಮುಂದೆ ಇಡುತ್ತಾರೆ. ಗಿಟಾರಿನ ಒಡಲಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸಿ ಆ ರಂಧ್ರದಿಂದಲೇ ನುಗ್ಗುವುದರಿಂದ ಮುದ್ರಣ ಗುಮ್ಮೆನ್ನುತ್ತದೆ. ಹನ್ನೆರಡನೇ ಫ್ರೆಟ್‌ನ ಎದುರು, 20ರಿಂದ 30 ಸೆಂಟಿಮೀಟರ್ ದೂರದಲ್ಲಿ, ಕತ್ತು ಒಡಲಿಗೆ ಸೇರುವ ಕಡೆಗೆ ಮುಖಮಾಡಿ ಇಟ್ಟಾಗ ತಂತಿಯ ಹೊಳಪು, ಮರದ ತುಂಬುತನ ಎರಡೂ ಹದವಾಗಿ ಬರುತ್ತವೆ. ಅಲ್ಲಿಂದ ನಾಲ್ಕು ಬೆರಳು ಆಚೀಚೆ ಸರಿಸಿ ಕೇಳಿದರೆ ಆಗುವ ವ್ಯತ್ಯಾಸ ಅಗ್ಗದ ಮೈಕ್‌ಗೂ ದುಬಾರಿ ಮೈಕ್‌ಗೂ ಇರುವ ವ್ಯತ್ಯಾಸಕ್ಕಿಂತ ಹೆಚ್ಚು. ಕಾಸಿಲ್ಲದೆ ಸಿಗುವ ಅತ್ಯುತ್ತಮ ಸುಧಾರಣೆ ಇದು. ತಾಳ್ಮೆಯಿಂದ ಜಾಗ ಹುಡುಕುವುದನ್ನು ಯಾರೂ ಬಿಡಬಾರದು.

ಬೆರಳಿನ ನಯವಾದ ವಾದನಕ್ಕೆ ಕಂಡೆನ್ಸರ್ ಮೈಕ್ ಹೊಂದುತ್ತದೆ, ಆದರೆ ಅದು ಬೀದಿಯ ಹಾರ್ನ್, ಅಡುಗೆಮನೆಯ ಕುಕ್ಕರ್ ಸೀಟಿಯನ್ನೂ ಅಷ್ಟೇ ನಯವಾಗಿ ಹಿಡಿಯುತ್ತದೆ. ಗದ್ದಲದ ಮನೆಯಲ್ಲಿ ಡೈನಾಮಿಕ್ ಮೈಕನ್ನು ಹತ್ತಿರವಿಟ್ಟು ನುಡಿಸುವುದು ಮೇಲು. ಗಿಟಾರಿನೊಳಗೇ ಪೀಜೊ ಪಿಕಪ್ ಇದ್ದರೆ ಹೊರಗಿನ ಸದ್ದಿನ ಕಾಟವಿಲ್ಲ. ಆದರೆ ಅದರ ಧ್ವನಿ ಒಣಕಲು. ಪಿಕಪ್ ಮತ್ತು ಮೈಕ್ ಎರಡನ್ನೂ ಬೇರೆಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿ ಬೆರೆಸುವುದು ಒಳ್ಳೆಯ ಉಪಾಯ. ಹಾಗೆ ಬೆರೆಸುವಾಗ ಧ್ವನಿ ತೆಳುವಾದರೆ ಎರಡು ತರಂಗಗಳು ಒಂದನ್ನೊಂದು ಅಳಿಸುತ್ತಿವೆ ಎಂದರ್ಥ. ಒಂದು ಟ್ರ್ಯಾಕಿನ ಫೇಸ್ ತಿರುಗಿಸಿ ನೋಡಬೇಕು.

ಕೋಣೆ

ಬರಿಗೋಡೆಯ ಚಿಕ್ಕ ಕೋಣೆ ಧ್ವನಿಯನ್ನು ಅತ್ತಿತ್ತ ಎಸೆದು ಡಬ್ಬದೊಳಗಿನ ಸದ್ದಿನಂತೆ ಮಾಡುತ್ತದೆ. ಎದುರುಬದುರು ಗೋಡೆಗಳ ಅಂತರಕ್ಕೆ ಹೊಂದುವ ಕೆಲವು ಸ್ವರಗಳು ಅತಿಯಾಗಿ ಮೊಳಗುವುದೂ ಉಂಟು. ಹತ್ತಡಿ ಅಗಲದ ಕೋಣೆಯಲ್ಲಿ ಇಂಥ ಮೊದಲ ಅನುರಣನ ಸುಮಾರು 56 ಹರ್ಟ್ಸ್‌ನಲ್ಲಿ, ಎರಡನೆಯದು ಸುಮಾರು 112ರಲ್ಲಿ ಬರುತ್ತದೆ. ಗಿಟಾರಿನ ಐದನೇ ತಂತಿ 110 ಹರ್ಟ್ಸ್. ಅನೇಕ ಮನೆಗಳಲ್ಲಿ ಆ ಒಂದು ತಂತಿ ಮಾತ್ರ ಉಬ್ಬಿದಂತೆ ಕೇಳುವುದಕ್ಕೆ ಇದೇ ಕಾರಣ. ಕುಳಿತ ಜಾಗವನ್ನು ಒಂದೆರಡು ಅಡಿ ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ.

ಕೌದಿ, ದಪ್ಪ ರಗ್ಗು, ಜಮಖಾನ, ಹತ್ತಿಯ ಹಾಸಿಗೆ, ಬಟ್ಟೆ ತುಂಬಿದ ತೆರೆದ ಬೀರು, ಪುಸ್ತಕದ ಕಪಾಟು ಇವೆಲ್ಲ ಪ್ರತಿಫಲನವನ್ನು ತಗ್ಗಿಸುತ್ತವೆ. ವಾದಕರ ಹಿಂದೆ ಮತ್ತು ಇಬ್ಬದಿಗೆ ದಪ್ಪ ಕೌದಿ ತೂಗುಹಾಕುವುದು ತೆಳು ಫೋಮ್ ಹಾಳೆಗಳಿಗಿಂತ ಪರಿಣಾಮಕಾರಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ರೂಢಿಯಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ. ಬೆಂಕಿಯ ಅಪಾಯ ಮಾತ್ರ ಹೆಚ್ಚುತ್ತದೆ. ಸದ್ದು ತಡೆಯಲು ಬೇಕಾದದ್ದು ಭಾರವಾದ ಗೋಡೆ ಮತ್ತು ಸಂದಿಯಿಲ್ಲದ ಬಾಗಿಲು. ಬಾಡಿಗೆ ಮನೆಯಲ್ಲಿ ಅದು ಆಗದ ಮಾತು, ಆದ್ದರಿಂದ ಬೆಳಗಿನ ಜಾವ ಅಥವಾ ರಾತ್ರಿಯ ನಿಶ್ಶಬ್ದ ಹೊತ್ತನ್ನು ಬಳಸಿಕೊಳ್ಳುವುದೇ ಅಗ್ಗದ ದಾರಿ. ಮುದ್ರಿಸುವಾಗ ಫ್ಯಾನ್ ನಿಲ್ಲಿಸಬೇಕು.

ವಿದ್ಯುತ್ತಿನ ಗುಂಯ್ ಸದ್ದು

ಭಾರತದ ವಿದ್ಯುತ್ ಪೂರೈಕೆ 230 ವೋಲ್ಟ್, 50 ಹರ್ಟ್ಸ್. ಅದರ ಗುಂಯ್ ಸದ್ದು 50, 100, 150 ಹರ್ಟ್ಸ್‌ಗಳಲ್ಲಿ ಮುದ್ರಣದೊಳಗೆ ನುಸುಳುತ್ತದೆ. ಒಂದೇ ಸುರುಳಿಯ ಪಿಕಪ್ ಇದಕ್ಕೆ ಬೇಗ ಬಲಿಯಾಗುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ ಹಂಬಕರ್ ಪಿಕಪ್ ರೂಪಿಸಿದ್ದೇ ಈ ಸದ್ದನ್ನು ಅಳಿಸಲು. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ದೀಪ, ಚೌಕ ತರಂಗದ ಇನ್ವರ್ಟರ್ ಇವು ಇನ್ನಷ್ಟು ಕರ್ಕಶ ಸದ್ದು ಸೇರಿಸುತ್ತವೆ.

ಲ್ಯಾಪ್‌ಟಾಪ್ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ನಡೆಸುವುದು ಮೊದಲ ಪರೀಕ್ಷೆ. ಸದ್ದು ನಿಂತರೆ ತೊಂದರೆ ಚಾರ್ಜರಿನದು ಅಥವಾ ಅರ್ತಿಂಗ್‌ನದು. ಸರಿಯಾದ ಅರ್ತಿಂಗ್ ಇರುವ ಮೂರು ಪಿನ್ ಸಾಕೆಟ್ ಬಳಸಬೇಕು. ಸದ್ದು ಹೋಗಲೆಂದು ಅರ್ತ್ ಪಿನ್ ಮುರಿಯುವುದು ಪ್ರಾಣಕ್ಕೆ ಅಪಾಯ. ಅದನ್ನು ಎಂದೂ ಮಾಡಬಾರದು. ಗಿಟಾರ್ ಹಿಡಿದು ಕುಳಿತ ದಿಕ್ಕನ್ನು ನಿಧಾನವಾಗಿ ಬದಲಿಸಿದರೆ ಗುಂಯ್ ಸದ್ದು ಬಹಳಷ್ಟು ಇಳಿಯುವ ಒಂದು ಕೋನ ಸಿಗುತ್ತದೆ.

ಮುದ್ರಣದ ಕ್ರಮ

ಹಳೆಯ ತಂತಿ ಬದಲಿಸಿ, ಒಂದು ದಿನ ನುಡಿಸಿ ಹದಕ್ಕೆ ತಂದು, ಪ್ರತಿ ಮುದ್ರಣದ ಮುಂಚೆಯೂ ಶ್ರುತಿ ನೋಡಿಕೊಳ್ಳಬೇಕು. ಅತಿ ಜೋರಾಗಿ ನುಡಿಸಿದಾಗಲೂ ಮಟ್ಟ ಮೀಟರಿನ ತುದಿಯಾದ ಸೊನ್ನೆಯ ಕೆಳಗೆ 12ರಿಂದ 6 ಡೆಸಿಬೆಲ್ ಒಳಗೇ ಇರುವಂತೆ ಗೇನ್ ಹೊಂದಿಸಬೇಕು. ಸೊನ್ನೆ ದಾಟಿ ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸಲಾಗದು. ಮೆಟ್ರೊನೋಮ್ ಹಾಕಿಕೊಂಡು ಮೊದಲು ಮಾದರಿ ಟ್ರ್ಯಾಕ್ ಒಂದನ್ನು ಮುದ್ರಿಸಿ, ಅದರ ಮೇಲೆ ಉಳಿದ ಭಾಗಗಳನ್ನು ಕಟ್ಟುವುದು ಅನುಕೂಲ. ತಪ್ಪಿದ ಜಾಗವನ್ನಷ್ಟೇ ಮತ್ತೆ ನುಡಿಸಿ ಸೇರಿಸುವ 'ಪಂಚ್ ಇನ್' ಸೌಲಭ್ಯ ಎಲ್ಲ ಮುಖ್ಯ ತಂತ್ರಾಂಶಗಳಲ್ಲೂ ಇದೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿದರೆ ಮೆಟ್ರೊನೋಮಿನ ಟಿಕ್ ಸದ್ದು ಮೈಕ್‌ಗೆ ಸೋರುವುದಿಲ್ಲ.

ಭಾವಗೀತೆ, ಸುಗಮ ಸಂಗೀತಕ್ಕೆ ಗಿಟಾರ್ ನುಡಿಸುವವರು ಗಾಯಕರ ಶ್ರುತಿಗೆ ಹೊಂದಿಕೊಳ್ಳಬೇಕಾಗುತ್ತದೆ. ನಾಲ್ಕೂವರೆ ಮನೆ ಶ್ರುತಿಯೆಂದರೆ ಎಫ್ ಶಾರ್ಪ್. ಎರಡನೇ ಫ್ರೆಟ್‌ಗೆ ಕ್ಯಾಪೊ ಹಾಕಿ ಇ ಕಾರ್ಡಿನ ಬೆರಳುಗಳನ್ನೇ ಹಿಡಿದರೆ ಅದು ಸಿಗುತ್ತದೆ. ಮೊಬೈಲಿನ ತಂಬೂರ, ತಬಲ ಆ್ಯಪ್‌ಗಳನ್ನು ಕೋಣೆಯಲ್ಲಿ ನುಡಿಯಲು ಬಿಡದೆ ಹೆಡ್‌ಫೋನಿನಲ್ಲಿ ಕೇಳುತ್ತಾ, ಅವನ್ನು ಪ್ರತ್ಯೇಕ ಟ್ರ್ಯಾಕಿನಲ್ಲಿ ಇಡಬೇಕು. ಒಮ್ಮೆ ಗಿಟಾರಿನ ಮೈಕ್‌ಗೆ ತಂಬೂರ ಸೇರಿದರೆ ಬೇರ್ಪಡಿಸುವುದು ಬಲು ಕಷ್ಟ. ರಾಗಾಲಾಪನೆಯಂಥ ತಾಳವಿಲ್ಲದ ಭಾಗಕ್ಕೆ ಮೆಟ್ರೊನೋಮ್ ಬೇಡ. ಅಲ್ಲಿ ಗಮಕದ ಉಸಿರಾಟವೇ ಲಯ.

ಮಿಕ್ಸಿಂಗ್

ಮುದ್ರಣ ಸ್ವಚ್ಛವಾಗಿದ್ದರೆ ಮಿಕ್ಸಿಂಗ್ ಕೆಲಸ ಅರ್ಧಕ್ಕಿಳಿಯುತ್ತದೆ. ಗಿಟಾರಿನ ಕೆಳಸ್ವರ 82 ಹರ್ಟ್ಸ್ ಆದ್ದರಿಂದ 70ರ ಕೆಳಗಿನದೆಲ್ಲ ಬರಿಯ ಗದ್ದಲ. ಹೈ-ಪಾಸ್ ಫಿಲ್ಟರ್ ಹಾಕಿ ತೆಗೆದುಬಿಡಬಹುದು. 200ರಿಂದ 300 ಹರ್ಟ್ಸ್ ನಡುವೆ ತುಸು ಇಳಿಸಿದರೆ ಮಂಕು ಕರಗಿ ಹಾಡಿನ ಧ್ವನಿಗೆ ಜಾಗ ಸಿಗುತ್ತದೆ. ಗಿಟಾರ್ ಅಗಲವಾಗಿ ಕೇಳಬೇಕಾದರೆ ಒಂದೇ ಭಾಗವನ್ನು ಎರಡು ಸಲ ನುಡಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡಬೇಕು. ಒಂದೇ ಮುದ್ರಣವನ್ನು ನಕಲು ಮಾಡಿ ಇಟ್ಟರೆ ಅಗಲವಾಗುವುದಿಲ್ಲ. ಎರಡು ವಾದನಗಳ ನಡುವಿನ ಸೂಕ್ಷ್ಮ ವ್ಯತ್ಯಾಸವೇ ಅಗಲದ ಮೂಲ. ರಿವರ್ಬ್ ಮಿತವಾಗಿರಬೇಕು.

ಮಿಕ್ಸ್ ಅನ್ನು ಹೆಡ್‌ಫೋನಿನಲ್ಲಿ, ಮೊಬೈಲಿನಲ್ಲಿ, ಸಾಧ್ಯವಾದರೆ ಕಾರಿನಲ್ಲಿ ಕೇಳಿ ಹೋಲಿಸಬೇಕು. ಯೂಟ್ಯೂಬ್, ಸ್ಪಾಟಿಫೈ ಮೊದಲಾದವು ಹಾಡುಗಳ ಗಟ್ಟಿತನವನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಮಟ್ಟಕ್ಕೆ ಹೊಂದಿಸುವುದರಿಂದ ಅದಕ್ಕಿಂತ ಗಟ್ಟಿ ಮಾಡಲು ಧ್ವನಿಯನ್ನು ಹಿಂಡುವುದು ವ್ಯರ್ಥ. ಮೂಲ ಪ್ರತಿಯನ್ನು 24 ಬಿಟ್ ವೇವ್ ಕಡತವಾಗಿ ಎರಡು ಕಡೆ ಉಳಿಸಿಕೊಳ್ಳಬೇಕು. ಎಂಪಿ3 ಹಂಚಲು ಮಾತ್ರ. ಸ್ವಂತ ರಚನೆಗೆ ನೋಂದಣಿಯಿಲ್ಲದೆಯೂ ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯಿದೆ. ಬೇರೆಯವರ ಹಾಡನ್ನು ಪ್ರಕಟಿಸುವಾಗ ಅವರ ಹಕ್ಕನ್ನು ಗೌರವಿಸಬೇಕು.

ಖರ್ಚಿನ ಆದ್ಯತೆ

ಏನೂ ಕೊಳ್ಳದೆ ಆರಂಭಿಸುವವರು ಮೊಬೈಲನ್ನು ಗಿಟಾರಿನಿಂದ ಎರಡಡಿ ದೂರದಲ್ಲಿ ಮೆತ್ತನೆಯ ಬಟ್ಟೆಯ ಮೇಲಿಟ್ಟು, ಸದ್ದು ತಗ್ಗಿಸುವ ಮತ್ತು ಮಟ್ಟ ಏರಿಳಿಸುವ ಸ್ವಯಂಚಾಲಿತ ಆಯ್ಕೆಗಳನ್ನು ನಿಲ್ಲಿಸಿ ಮುದ್ರಿಸಬಹುದು. ಮುಂದೆ ಹಣ ಹಾಕುವಾಗ ಧ್ವನಿ ಹುಟ್ಟುವ ಕಡೆಯಿಂದ ಹೊರಟು ಕೇಳುವ ಕಡೆಗೆ ಸಾಗುವುದು ಜಾಣತನ. ಮೊದಲು ಹೊಸ ತಂತಿ ಮತ್ತು ಗಿಟಾರಿನ ಸೆಟಪ್. ಶ್ರುತಿ ನಿಲ್ಲದ ಗಿಟಾರನ್ನು ಯಾವ ಯಂತ್ರವೂ ಉದ್ಧರಿಸದು. ಆಮೇಲೆ ಹೈ-ಜೆಡ್ ಇನ್‌ಪುಟ್ ಇರುವ ಇಂಟರ್‌ಫೇಸ್ ಮತ್ತು ಗಟ್ಟಿಮುಟ್ಟಾದ ಕೇಬಲ್. ಮೂರನೆಯದು ಕಿವಿ ಮುಚ್ಚುವ ಹೆಡ್‌ಫೋನ್. ನಾಲ್ಕನೆಯದು, ಅಕೂಸ್ಟಿಕ್ ಗಿಟಾರ್ ಅಥವಾ ಹಾಡು ಇದ್ದರೆ, ಒಂದು ಮೈಕ್ ಮತ್ತು ಸ್ಟ್ಯಾಂಡ್. ಸ್ಟುಡಿಯೊ ಸ್ಪೀಕರುಗಳು ಕೊನೆಗೆ. ಸರಿಪಡಿಸದ ಕೋಣೆಯಲ್ಲಿ ಅವು ನಿಜ ಹೇಳುವುದಿಲ್ಲ. ತಂತ್ರಾಂಶ ಮತ್ತು ಪ್ಲಗಿನ್‌ಗಳಿಗೆ ಆರಂಭದಲ್ಲಿ ಒಂದು ರೂಪಾಯಿಯೂ ಬೇಡ.

ಇಂಟರ್‌ಫೇಸ್, ಡೈನಾಮಿಕ್ ಮೈಕ್‌ಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡರೂ ನಷ್ಟವಿಲ್ಲ. ಕೊಳ್ಳುವ ಮುನ್ನ ತಮ್ಮ ಲ್ಯಾಪ್‌ಟಾಪಿಗೆ ಡ್ರೈವರ್ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಂಡರೆ ಸಾಕು. ಈ ಕ್ರಮದಲ್ಲಿ ನಡೆದವರಿಗೆ ಒಂದು ಸಾಧಾರಣ ಇಂಟರ್‌ಫೇಸ್, ಒಂದು ಮೈಕ್, ಒಂದು ಹೆಡ್‌ಫೋನ್ ಹಲವು ವರ್ಷ ಬಾಳುತ್ತವೆ. ಅವುಗಳ ಮಿತಿ ತಲುಪುವ ಮೊದಲು ಕಲಿಯಬೇಕಾದದ್ದು ಬೇಕಾದಷ್ಟಿದೆ. ಆದ್ದರಿಂದ ಮುಂದಿನ ಯಂತ್ರಕ್ಕೆ ಕಾಯದೆ, ಇರುವುದರಲ್ಲೇ ಇಂದೇ ಒಂದು ಹಾಡನ್ನು ಪೂರ್ತಿಯಾಗಿ ಮುದ್ರಿಸಿ ಮುಗಿಸುವುದು ಹೊಸಬರು ಮಾಡಬೇಕಾದ ಮೊದಲ ಕೆಲಸ.